ಪುಟ್ಟ ಮಕ್ಕಳ ತಪಾಸಣೆಯ ಲೆಕ್ಕ ಇಡುವುದು ಹೇಗೆ: ಒಂದು ಮಗುವೂ ಕೈತಪ್ಪದ ಹಾಗೆ

ನಾನು ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಆರ್‌ಬಿಎಸ್‌ಕೆ ತಂಡದ ನರ್ಸ್. ಮಕ್ಕಳ ಆರೋಗ್ಯ ತಪಾಸಣೆಯ ಈ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಗಿದ್ದು 2013ರಲ್ಲಿ. ನಾನು ಸೇರಿದ್ದು ಅದಾದ ಎರಡು ವರ್ಷಕ್ಕೆ. ಇಬ್ಬರು ಡಾಕ್ಟರು, ಒಬ್ಬ ಫಾರ್ಮಸಿಸ್ಟ್, ನಾನು, ಇಷ್ಟೇ ತಂಡ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಹೋಗುತ್ತೇವೆ, ಸರ್ಕಾರಿ ಶಾಲೆಗೆ ಒಂದು ಸಲ. ಹುಟ್ಟಿನಿಂದ ಬಂದ ತೊಂದರೆ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದೆ ಬೀಳುವುದು, ಈ ನಾಲ್ಕನ್ನೂ ನೋಡುತ್ತೇವೆ. ರಿಜಿಸ್ಟರ್ ಬರೆಯುವ ಕೆಲಸ ಮೊದಲಿನಿಂದಲೂ ನನ್ನ ಪಾಲಿಗೆ ಬಂದಿದೆ.

ಹೊಸದಾಗಿ ಸೇರಿದ ಸಿಸ್ಟರ್‌ಗಳು, ಆಶಾ ಅಕ್ಕಂದಿರು, ಅಂಗನವಾಡಿ ಟೀಚರ್‌ಗಳು "ಇಷ್ಟೊಂದು ಬರೆಯೋದು ಯಾಕಕ್ಕಾ, ಹೆಂಗಕ್ಕಾ" ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಚಿಕ್ಕ ಮಗು ಇರುವ ಅಪ್ಪ ಅಮ್ಮನಿಗೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ಮಗುವಿನ ವಿಷಯ ಹೇಳಿಬಿಡುತ್ತೇನೆ. ಹುಟ್ಟಿದ್ದು ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ಎರಡನೇ ದಿನ ಕಿವಿ ತಪಾಸಣೆ ಆಯಿತು. ಎರಡೂ ಕಿವಿಗೆ 'ರೆಫರ್' ಅಂತ ಬಂತು. ಮತ್ತೆ ಕರೆದುಕೊಂಡು ಬನ್ನಿ ಅಂತ ಚೀಟಿ ಕೊಟ್ಟರು. ಬಾಣಂತನಕ್ಕೆ ತಾಯಿ ಕೆ.ಆರ್. ಪೇಟೆ ಕಡೆಯ ತವರಿಗೆ ಹೋದರು. ಐದು ತಿಂಗಳಿಗೆ ಮದ್ದೂರು ಕಡೆಯ ಗಂಡನ ಮನೆಗೆ ಬಂದರು. ಆಸ್ಪತ್ರೆಯವರು ಫೋನ್ ಮಾಡಿದ್ದರು, ಆ ಹೊತ್ತಿಗೆ ಆ ಸಿಮ್ ಬಂದಾಗಿತ್ತು. ತವರೂರಿನ ರಿಜಿಸ್ಟರಿನಲ್ಲಿ 'ಗಂಡನ ಮನೆಗೆ ಹೋಗಿರುತ್ತಾರೆ' ಎಂದು ಷರಾ ಬರೆದು ಮುಗಿಸಿದ್ದರು. ಗಂಡನ ಊರಿನಲ್ಲಿ ಲಸಿಕೆಗೆ ಬಂದ ದಿನ ಹೊಸ ಮಗು ಅಂತ ಸೇರಿಸಿಕೊಂಡಿದ್ದರು. ಕಿವಿಯ ವಿಷಯ ಮೂರನೇ ಊರಿಗೆ ಬರಲೇ ಇಲ್ಲ. ನಾವು ಅವನನ್ನು ನೋಡಿದಾಗ ಎರಡು ವರ್ಷ ನಾಲ್ಕು ತಿಂಗಳು. ಅಜ್ಜಿ "ಅವ್ರಪ್ಪನೂ ಮೂರ್ ವರ್ಸಕ್ಕೇ ಮಾತಾಡಿದ್ದು ಕಣವ್ವ, ಬುಡು" ಅಂದರು.

ಇದರಲ್ಲಿ ಯಾರೂ ಕೆಲಸ ಕದ್ದಿರಲಿಲ್ಲ. ಮೂರು ಕಡೆಯೂ ಬರವಣಿಗೆ ಇತ್ತು. ಆದರೆ ಒಂದು ಕಡೆಯದು ಇನ್ನೊಂದು ಕಡೆಗೆ ಸೇರಲಿಲ್ಲ. ನಾನು ಕೆಳಗೆ ಹೇಳುವ ಪ್ರತಿ ರೂಢಿಯೂ ಆ ಮಗುವಿನಿಂದಲೇ ಶುರುವಾಯಿತು ಅಂದರೆ ತಪ್ಪಿಲ್ಲ.

ಮೊದಲ ಸಾಲು: ಈ ಮಗು ಯಾರು

ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದ್ದು ಇಲ್ಲಿಗೇ. ಆಸ್ಪತ್ರೆಯಿಂದ ಬರುವ ಕಾಗದದಲ್ಲಿ ಮಗುವಿಗೆ ಹೆಸರಿರುವುದಿಲ್ಲ. 'ಬೇಬಿ ಆಫ್' ಎಂದು ತಾಯಿಯ ಹೆಸರು ಇರುತ್ತದೆ. ನಮ್ಮ ಕಡೆ ನಾಮಕರಣ ಮೂರು ತಿಂಗಳಿಗೋ ಐದಕ್ಕೋ ಆಗುತ್ತದೆ. ಅಂಗನವಾಡಿಯಲ್ಲಿ ಬರೆಸುವ ಹೊತ್ತಿಗೆ ಆ ಹೊಸ ಹೆಸರು ಬರುತ್ತದೆ. ಹೀಗೆ ಒಂದೇ ಮಗು ಎರಡಾಗುತ್ತದೆ. ಅದಕ್ಕೆ ಮಗುವಿನ ಹೆಸರನ್ನು ನಂಬಿ ಹುಡುಕಬೇಡಿ. ತಾಯಿ ಕಾರ್ಡಿನ ನಂಬರ್, ತಾಯಿಯ ಹೆಸರು, ಮಗು ಹುಟ್ಟಿದ ತಾರೀಕು, ಈ ಮೂರನ್ನೂ ಒಟ್ಟಿಗೆ ಬರೆಯಿರಿ. ತಾಯಿ ಕಾರ್ಡಿನ ನಂಬರನ್ನು ಬಾಯಲ್ಲಿ ಕೇಳಿ ಬರೆಯಬೇಡಿ. ಕಾರ್ಡ್ ಕೈಗೆ ತೆಗೆದುಕೊಂಡು, ನೋಡಿ ಬರೆಯಿರಿ. ಬರೆದ ಮೇಲೆ ಒಂದು ಸಲ ಓದಿ ಹೇಳಿ.

ಅವಳಿ ಮಕ್ಕಳಾದರೆ ತಾಯಿಯ ಹೆಸರೂ ಒಂದೇ, ತಾರೀಕೂ ಒಂದೇ. ಮೊದಲು ಹುಟ್ಟಿದ್ದಕ್ಕೆ 1, ಆಮೇಲೆ ಹುಟ್ಟಿದ್ದಕ್ಕೆ 2 ಅಂತ ಹಾಕಿ. ಅದನ್ನು ಎಲ್ಲ ಕಾಗದದಲ್ಲೂ ಹಾಗೇ ಇಡಿ. ಒಂದು ಸಲ ಅಣ್ಣನ ತೂಕ ತಮ್ಮನ ಕಾರ್ಡಿಗೆ ಹೋಗಿ, ಚೆನ್ನಾಗಿದ್ದ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕರೆಸಿದ್ದೆವು. ತೂಕ ಕಡಿಮೆ ಇದ್ದ ಮಗು ಮನೆಯಲ್ಲೇ ಉಳಿದಿತ್ತು.

ಮನೆಯಲ್ಲಿ ಕರೆಯುವ ಹೆಸರನ್ನೂ ಬರೆದುಕೊಳ್ಳಿ. ಇದು ಸಣ್ಣ ವಿಷಯ ಅಲ್ಲ. ನಾನು ಒಂದು ಅಂಗನವಾಡಿಯಲ್ಲಿ ಒಂದೂವರೆ ವರ್ಷದ ಹುಡುಗನ ಹಿಂದೆ ನಿಂತು, ರಿಜಿಸ್ಟರಿನಲ್ಲಿದ್ದ ಹೆಸರು ಹಿಡಿದು ನಾಲ್ಕು ಸಲ ಕರೆದೆ. ತಿರುಗಲಿಲ್ಲ. 'ಹೆಸರು ಕರೆದರೆ ತಿರುಗುವುದಿಲ್ಲ' ಅಂತ ಬರೆಯಲು ಪೆನ್ನು ಎತ್ತಿದ್ದೆ. ಅಷ್ಟರಲ್ಲಿ ಅವರಮ್ಮ ಬಾಗಿಲ ಹತ್ತಿರದಿಂದ ಮೆಲ್ಲಗೆ "ಅಪ್ಪೂ" ಅಂದರು. ತಟ್ಟನೆ ತಿರುಗಿ ನಕ್ಕ. ರಿಜಿಸ್ಟರಿನಲ್ಲಿದ್ದ ಹೆಸರಿನಲ್ಲಿ ಅವನನ್ನು ಯಾರೂ ಕರೆದೇ ಇರಲಿಲ್ಲ.

ಊರಿನ ಹೆಸರಿಗೂ ಜೋಪಾನ. ಹೊಸಹಳ್ಳಿ ಅಂತ ಬರೆದರೆ ಯಾವ ಹೊಸಹಳ್ಳಿ? ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಊರಿನ ಜೊತೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೆಸರು ಹಾಕಿ. ವಿಳಾಸ ಎರಡು ಬೇಕು: ಗಂಡನ ಮನೆಯದು, ತವರಿನದು. ಕೇಳುವಾಗ "ಬಾಣಂತನ ಎಲ್ಲಿ, ಎಷ್ಟು ತಿಂಗಳು" ಅಂತ ಕೇಳಿ. ವಿಳಾಸ ಕೇಳಿದರೆ ಒಂದೇ ಹೇಳುತ್ತಾರೆ. ಬಾಣಂತನ ಎಲ್ಲಿ ಅಂತ ಕೇಳಿದರೆ ಎರಡೂ ತಾನಾಗೇ ಬರುತ್ತವೆ. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದು ಗುಡಿಸಲು ಹಾಕಿಕೊಂಡ ಮನೆಯವರಾದರೆ ಮೇಸ್ತ್ರಿಯ ನಂಬರ್ ಬರೆಯಿರಿ, ಅವರ ಸ್ವಂತ ಊರು ಬರೆಯಿರಿ, ಯಾವಾಗ ವಾಪಸ್ ಹೋಗುತ್ತಾರೆ ಅಂತ ಕೇಳಿ ಬರೆಯಿರಿ.

ಫೋನ್ ನಂಬರ್ ಕೂಡ ಎರಡು. ಒಂದು ಗಂಡನದ್ದೇ ಇರುತ್ತದೆ. ಅವರು ಬೆಂಗಳೂರಿನಲ್ಲಿ ಕೆಲಸದಲ್ಲಿ ಇರುತ್ತಾರೆ, ಫೋನ್ ಎತ್ತುವುದಿಲ್ಲ. ಇನ್ನೊಂದು ತಾಯಿಯ ಅವ್ವನದ್ದೋ ಪಕ್ಕದ ಮನೆಯವರದ್ದೋ ಇರಲಿ. ಬರೆದ ತಕ್ಷಣ ಅಲ್ಲೇ ನಿಂತು ಒಂದು ಮಿಸ್ಡ್ ಕಾಲ್ ಕೊಡಿ. ನಂಬರಿನ ಪಕ್ಕ ಆ ದಿನದ ತಾರೀಕು ಹಾಕಿ. ಆರು ತಿಂಗಳು ಹಳೆಯದಾದ ನಂಬರನ್ನು ನಾನು ನಂಬುವುದಿಲ್ಲ.

ವಯಸ್ಸು ಬರೆಯಬೇಡಿ, ತಾರೀಕು ಬರೆಯಿರಿ

'ಒಂದೂವರೆ ವರ್ಷ' ಎಂದು ಬರೆದರೆ ಮೂರು ತಿಂಗಳಾದ ಮೇಲೆ ಅದು ಸುಳ್ಳು. ಹುಟ್ಟಿದ ತಾರೀಕು ಮತ್ತು ತಪಾಸಣೆ ಮಾಡಿದ ತಾರೀಕು, ಎರಡೂ ಇದ್ದರೆ ವಯಸ್ಸು ಯಾವಾಗ ಬೇಕಾದರೂ ಸಿಗುತ್ತದೆ.

ಅದರ ಜೊತೆಗೆ ಎರಡು ಅಂಕಿ ಬೇಕೇ ಬೇಕು. ಎಷ್ಟು ವಾರಕ್ಕೆ ಹುಟ್ಟಿತು, ಹುಟ್ಟಿದಾಗ ತೂಕ ಎಷ್ಟು. ಡಿಸ್ಚಾರ್ಜ್ ಕಾಗದ ನೋಡಿ ಬರೆಯಿರಿ. ತಿಂಗಳು ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ನೋಡುವಾಗ ಆ ವಾರಗಳನ್ನು ಕಳೆದು ನೋಡಬೇಕು. 40 ವಾರಕ್ಕೆ ಹುಟ್ಟಬೇಕಾದ ಮಗು 32ಕ್ಕೆ ಹುಟ್ಟಿದರೆ 8 ವಾರ ಮುಂಚೆ ಬಂದಂತೆ. ಎಂಟು ತಿಂಗಳ ಆ ಮಗು ಇನ್ನೂ ಆಸರೆಯಿಲ್ಲದೆ ಕೂರುತ್ತಿಲ್ಲ ಅಂದರೆ, ಆರು ತಿಂಗಳ ಮಗು ಎಂದುಕೊಂಡು ನೋಡಿ. ಎರಡು ವರ್ಷದವರೆಗೆ ಈ ಲೆಕ್ಕ. ಆಮೇಲೆ ಕಳೆಯುವುದು ಬೇಡ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಇಲ್ಲ, ಹುಟ್ಟಿದ ದಿನದಿಂದಲೇ ಎಣಿಸಬೇಕು.

ಇನ್ನೊಂದು ಕಾರಣ ಕಣ್ಣು. 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕೆ.ಜಿ.ಗಿಂತ ಕಡಿಮೆ ತೂಕ ಇದ್ದ ಮಗುವಿನ ಕಣ್ಣಿನ ಪರದೆಯನ್ನು ಹುಟ್ಟಿ 30 ದಿನದೊಳಗೆ ಕಣ್ಣಿನ ಡಾಕ್ಟರು ನೋಡಬೇಕು. ಇನ್ನೂ ಚಿಕ್ಕ ಮಕ್ಕಳಿಗೆ ಅದಕ್ಕೂ ಮುಂಚೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗೇ ಕಾಣುತ್ತದೆ. ತೂಕದ ಜಾಗ ಖಾಲಿ ಬಿಟ್ಟರೆ ಆ ಮಗುವನ್ನು ಹುಡುಕುವ ದಾರಿಯೇ ಇರುವುದಿಲ್ಲ.

ಕಂಡದ್ದನ್ನು ಬರೆಯಿರಿ

'ಮಾತು ನಿಧಾನ', 'ಮಂಕು', 'ಸರಿಯಿದೆ'. ಹಳೆಯ ರಿಜಿಸ್ಟರ್ ತೆಗೆದರೆ ಇಂಥವೇ ಜಾಸ್ತಿ. ಇದನ್ನು ಓದಿದವರಿಗೆ ಏನು ಗೊತ್ತಾಗುತ್ತದೆ ಹೇಳಿ? 'ಅಮ್ಮ, ಅಕ್ಕ ಎರಡೇ ಮಾತು. ಬೇಕಾದ್ದನ್ನು ಕೈ ಹಿಡಿದು ಎಳೆದು ತೋರಿಸುತ್ತಾನೆ. ಬೆರಳು ಮಾಡಿ ತೋರಿಸುವುದಿಲ್ಲ' ಎಂದು ಬರೆದರೆ ಮುಂದೆ ನೋಡುವ ಥೆರಪಿಸ್ಟ್‌ಗೆ ಅರ್ಧ ಕೆಲಸ ಆದಂತೆ. ಆರು ತಿಂಗಳ ಮೇಲೆ ನೀವೇ ಮತ್ತೆ ನೋಡಿದಾಗ ಮಗು ಎಲ್ಲಿತ್ತು, ಈಗ ಎಲ್ಲಿದೆ ಅಂತ ಹೋಲಿಸಲೂ ಆಗುತ್ತದೆ.

ತಾಯಿ ಹೇಳಿದ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ. "ಅತ್ತ ಕಡೆ ಕುಕ್ಕರ್ ಕೂಗಿದ್ರೂ ಬೆಚ್ಚಲ್ಲ" ಅಂತ ಒಬ್ಬ ತಾಯಿ ಹೇಳಿದ್ದನ್ನು ಹಾಗೇ ಬರೆದಿದ್ದೆ. ಮೈಸೂರಿನಲ್ಲಿ ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಅದನ್ನು ಓದಿ ಮೊದಲು ಕೇಳಿದ ಪ್ರಶ್ನೆಯೇ ಅದರ ಮೇಲೆ. ತಾಯಿಗೆ ಅನುಮಾನ ಇದ್ದರೆ ಅದೂ ಒಂದು ಮಾಹಿತಿ. ನಮ್ಮ ಪಟ್ಟಿಯಲ್ಲಿ ಎಲ್ಲಾ ಸರಿ ಬಂದರೂ, ತಾಯಿಗೆ ಸಮಾಧಾನ ಇಲ್ಲ ಅಂದರೆ ನಾನು ಮತ್ತೆ ನೋಡುವ ತಾರೀಕು ಹಾಕುತ್ತೇನೆ.

ಇನ್ನು ಟಿಕ್ ಹಾಕುವ ವಿಷಯ. ಬೆಳವಣಿಗೆಯ ಪಟ್ಟಿಯಲ್ಲಿ ಹೌದು, ಇಲ್ಲ ಎರಡೇ ಇರುತ್ತವೆ. ನೀವು ಮೂರನೆಯದೊಂದು ಇಟ್ಟುಕೊಳ್ಳಿ: 'ನೋಡಲಾಗಲಿಲ್ಲ'. ಮಗು ಅಳುತ್ತಿತ್ತು, ನಿದ್ದೆಯಲ್ಲಿತ್ತು, ಜ್ವರ ಬಂದಿತ್ತು. ಇಂಥ ಕಡೆ ಖಾಲಿ ಬಿಟ್ಟರೆ ಕಂಪ್ಯೂಟರಿಗೆ ಹಾಕುವವರು ಸರಿಯಿದೆ ಎಂದುಕೊಂಡು ಹಾಕಿಬಿಡುತ್ತಾರೆ. ಅಳುವ ಮಗುವಿನ ಕಿವಿಯನ್ನು ನೋಡಲು ಆಗುವುದಿಲ್ಲ, ಅಲ್ವಾ? ಹಾಗಿದ್ದ ಮೇಲೆ 'ಸರಿಯಿದೆ' ಎಲ್ಲಿಂದ ಬಂತು?

ಕಿವಿ ತಪಾಸಣೆ ಬರೆಯುವಾಗ ಬಲ ಮತ್ತು ಎಡ ಬೇರೆ ಬೇರೆ ಬರೆಯಿರಿ. 'ರೆಫರ್' ಅಂದರೆ ಕಿವುಡು ಅಂತ ಅಲ್ಲ. ಇನ್ನೊಂದು ಸಲ ನೋಡಬೇಕು ಅಂತ ಅಷ್ಟೇ. ಮೊದಲೆರಡು ದಿನ ಕಿವಿಯೊಳಗೆ ನೀರಿನಂಥದ್ದು ಉಳಿದಿದ್ದರೂ ಹಾಗೆ ಬರುತ್ತದೆ. ಇದನ್ನು ತಾಯಿಗೆ ಬಿಡಿಸಿ ಹೇಳಿ, ಹೇಳಿದ್ದೀರಿ ಅಂತಲೂ ಬರೆಯಿರಿ. ಹೇಳದಿದ್ದರೆ ಕೆಲವರು ಹೆದರಿ ಮತ್ತೆ ಬರುವುದಿಲ್ಲ. ಕೆಲವರು ಹಗುರವಾಗಿ ತೆಗೆದುಕೊಂಡು ಬರುವುದಿಲ್ಲ.

ಕಳಿಸಿದ್ದು ಎಣಿಕೆಗೆ ಬೇಡ, ತಲುಪಿದ್ದು ಬೇಕು

ತಿಂಗಳ ರಿಪೋರ್ಟಿನಲ್ಲಿ 'ರೆಫರ್ ಮಾಡಿದ ಮಕ್ಕಳು' ಅಂತ ಒಂದು ಕಾಲಂ ಇರುತ್ತದೆ. ಅದು ತುಂಬಿದರೆ ಕೆಲಸ ಆದಂತೆ ಕಾಣುತ್ತದೆ. ಚೀಟಿ ಬರೆದುಕೊಟ್ಟ ಮಾತ್ರಕ್ಕೆ ಮಗು ಡಿಇಐಸಿಗೋ (ಇಂಥ ಮಕ್ಕಳನ್ನು ಪರೀಕ್ಷಿಸಿ ಚಿಕಿತ್ಸೆ ಕೊಡುವ ಜಿಲ್ಲಾ ಕೇಂದ್ರ) ಮೈಸೂರಿಗೋ ಹೋಗಿರುವುದಿಲ್ಲ. ನನ್ನ ರಿಜಿಸ್ಟರಿನಲ್ಲಿ ಒಂದು ಮಗುವಿಗೆ ಐದು ತಾರೀಕಿನ ಜಾಗ ಇದೆ. ತೊಂದರೆ ಕಂಡ ದಿನ. ಚೀಟಿ ಕೊಟ್ಟ ದಿನ. ಅಲ್ಲಿಗೆ ತಲುಪಿದ ದಿನ. ಏನೆಂದು ಖಚಿತವಾದ ದಿನ. ಚಿಕಿತ್ಸೆಯೋ ತರಬೇತಿಯೋ ಶುರುವಾದ ದಿನ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆಯೇ ಮಕ್ಕಳು ಕೈತಪ್ಪುವುದು. ನಿಮ್ಮ ರಿಜಿಸ್ಟರ್ ತೆಗೆದು ನೋಡಿ, ಆ ಜಾಗವೇ ಜಾಸ್ತಿ ಖಾಲಿ ಇರುತ್ತದೆ.

ಕಿವಿಗೆ ಪ್ರಪಂಚದ ಎಲ್ಲ ಕಡೆ ಒಂದು ಲೆಕ್ಕ ಹಿಡಿಯುತ್ತಾರೆ: 1, 3, 6. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಮಗು ಮಾರ್ಚ್ 12ಕ್ಕೆ ಹುಟ್ಟಿದರೆ ಏಪ್ರಿಲ್ 12, ಜೂನ್ 12, ಸೆಪ್ಟೆಂಬರ್ 12. ಮಗುವಿಗೆಂದು ನಾನು ಇಟ್ಟುಕೊಳ್ಳುವ ಕಾರ್ಡಿನ ಮೂಲೆಯಲ್ಲಿ ಈ ಮೂರು ತಾರೀಕನ್ನು ಮೊದಲ ದಿನವೇ ಕೆಂಪು ಪೆನ್ನಿನಲ್ಲಿ ಬರೆದುಬಿಡುತ್ತೇನೆ. ತಾಯಿಗೂ ತಾಯಿ ಕಾರ್ಡಿನ ಹಿಂದೆ ಬರೆದುಕೊಡುತ್ತೇನೆ. ನಾನು ಮರೆತರೂ ಅವರು ಕೇಳುತ್ತಾರೆ.

ಅಮೆರಿಕದಲ್ಲಿ ಹುಟ್ಟಿನಿಂದ ಮೂರು ವರ್ಷದ ಮಕ್ಕಳಿಗೆ ಇಂಥ ಕಾರ್ಯಕ್ರಮಕ್ಕೆ 1986ರಲ್ಲೇ ಕಾನೂನು ಬಂತು. ಅಲ್ಲಿ ಪ್ರತಿ ರಾಜ್ಯವೂ ಲೆಕ್ಕ ಇಟ್ಟು ವರ್ಷಕ್ಕೊಮ್ಮೆ ಕೇಂದ್ರಕ್ಕೆ ಒಪ್ಪಿಸಬೇಕು. ಮಗುವಿನ ಹೆಸರು ಅವರ ಕೈಗೆ ಬಂದ ದಿನದಿಂದ 45 ದಿನದೊಳಗೆ ಪರೀಕ್ಷೆ ಮುಗಿಸಿ, ಮನೆಯವರ ಜೊತೆ ಕೂತು ಯೋಜನೆ ಬರೆಯಲು ಸೇರಬೇಕು. ತಡವಾದರೆ ಯಾಕೆ ಅಂತ ಬರೆಯಬೇಕು. ಮನೆಯವರ ಕಡೆಯ ಕಾರಣ ಬೇರೆ, ಕಚೇರಿಯ ಕಡೆಯ ಕಾರಣ ಬೇರೆ. ಮಗು ಸೇರುವಾಗ ಹೇಗಿತ್ತು, ಬಿಡುವಾಗ ಹೇಗಿತ್ತು ಎಂದೂ ಅಳೆಯುತ್ತಾರೆ: ಜನರ ಜೊತೆ ಬೆರೆಯುವುದು, ಕಲಿತದ್ದನ್ನು ಬಳಸುವುದು, ತನ್ನ ಬೇಕು ಬೇಡಗಳನ್ನು ಸರಿಯಾಗಿ ತೋರಿಸಿಕೊಳ್ಳುವುದು. ತರಬೇತಿಯಲ್ಲಿ ಇದನ್ನು ಕೇಳಿದಾಗಿನಿಂದ ಆ ತಡದ ಕಾರಣ ಬರೆಯುವುದನ್ನು ನಾನೂ ಹಿಡಿದುಕೊಂಡೆ.

ಕಾರಣ ಬರೆಯದಿದ್ದಾಗ ನಾವೆಲ್ಲ 'ಪೋಷಕರ ನಿರ್ಲಕ್ಷ್ಯ' ಅಂತ ಒಂದೇ ಮಾತು ಬರೆಯುತ್ತಿದ್ದೆವು. ಅದು ಅನ್ಯಾಯದ ಮಾತು. ಕೂತು ಕೇಳಿದರೆ ಬೇರೆಯೇ ಬರುತ್ತದೆ. ಮೈಸೂರಿಗೆ ಹೋಗಲು ಜೊತೆಗೆ ಯಾರೂ ಇಲ್ಲ. ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಮೊದಲ ಸಲ ಹೋಗಿದ್ದೆವು, ಮಗು ಮಲಗಲಿಲ್ಲ ಅಂತ ಪರೀಕ್ಷೆ ಆಗದೆ ವಾಪಸ್ ಬಂದೆವು. ಮನೆಯಲ್ಲಿ ನಾದಿನಿಯ ಮದುವೆ ಮಾತು ನಡೆಯುತ್ತಿದೆ, ಊರಿಗೆ ಗೊತ್ತಾಗುವುದು ಬೇಡ ಅಂತ ಅತ್ತೆ ತಡೆದರು. ಪ್ರತಿಯೊಂದಕ್ಕೂ ಪರಿಹಾರ ಬೇರೆ ಬೇರೆ. ಮಲಗಲಿಲ್ಲ ಅಂದರೆ, ಬೆಳಗ್ಗೆ ಬೇಗ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡದೆ, ಅಲ್ಲಿ ಹೋಗಿ ಹಾಲು ಕುಡಿಸಿ ಅಂತ ಹೇಳಿಕೊಡಬಹುದು. ಜೊತೆಗೆ ಯಾರೂ ಇಲ್ಲ ಅಂದರೆ, ಅದೇ ದಿನ ಹೋಗುವ ಇನ್ನೊಬ್ಬ ತಾಯಿಯ ಜೊತೆ ಸೇರಿಸಬಹುದು. ಕಾರಣಗಳಿಗೆ ಒಂದರಿಂದ ಎಂಟರವರೆಗೆ ನಂಬರ್ ಕೊಟ್ಟುಕೊಂಡಿದ್ದೇನೆ. ಯಾವ ಊರಿಂದ ಯಾವ ನಂಬರ್ ಜಾಸ್ತಿ ಬರುತ್ತದೆ ಅಂತ ನೋಡಿದರೆ ಮೀಟಿಂಗಿನಲ್ಲಿ ಏನು ಕೇಳಬೇಕು ಅಂತ ಗೊತ್ತಾಗುತ್ತದೆ.

ತಲುಪಿದ ತಾರೀಕು ನಿಮಗೆ ತಾನಾಗಿ ಬರುವುದಿಲ್ಲ. ಕೇಳಿ ತರಿಸಿಕೊಳ್ಳಬೇಕು. ಚೀಟಿಯ ಕೆಳಗೆ ಒಂದು ತುಂಡು ಬಿಟ್ಟು, 'ನೋಡಿದ ತಾರೀಕು, ಮತ್ತೆ ಬರಬೇಕಾದ ತಾರೀಕು' ಅಂತ ಬರೆದು ಕಳಿಸಿ. ಅಲ್ಲಿಯವರು ತುಂಬಿಕೊಡುತ್ತಾರೆ. ತಾಯಿ ಅದನ್ನು ಆಶಾಗೆ ಕೊಡುತ್ತಾರೆ. ಆಶಾ ನಮಗೆ ಫೋಟೋ ಕಳಿಸುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಹೋದವರಿಗೆ ಅಲ್ಲಿನ ಕೇಸ್ ನಂಬರ್ ಇರುತ್ತದೆ. ಅದನ್ನು ತಪ್ಪದೆ ನಿಮ್ಮ ಕಾರ್ಡಿಗೆ ಬರೆದುಕೊಳ್ಳಿ. ಮುಂದಿನ ಸಲ ಫೈಲ್ ಹುಡುಕಲು ಅದೊಂದೇ ಸಾಕು.

ಮೂವತ್ತೊಂದು ಮನೆಯ ಡಬ್ಬ

ರಿಜಿಸ್ಟರ್ ಎಷ್ಟು ಚೆನ್ನಾಗಿದ್ದರೂ ಅದು ತಾನಾಗಿ ಕೂಗಿ ಹೇಳುವುದಿಲ್ಲ, ಇವತ್ತು ಯಾರ ಸರದಿ ಅಂತ. ಅದಕ್ಕೆ ನಾನು ಒಂದು ರಟ್ಟಿನ ಡಬ್ಬ ಮಾಡಿಕೊಂಡಿದ್ದೇನೆ. ಸೀರೆ ಡಬ್ಬವೇ. ಒಳಗೆ ಉದ್ದಕ್ಕೆ ರಟ್ಟಿನ ತುಂಡು ನಿಲ್ಲಿಸಿ 1ರಿಂದ 31ರವರೆಗೆ ಬರೆದಿದ್ದೇನೆ, ತಾರೀಕಿಗೊಂದು ಮನೆ. ಹಿಂದೆ ಹನ್ನೆರಡು ತಿಂಗಳಿಗೆ ಹನ್ನೆರಡು ಲಕೋಟೆ. ತೊಂದರೆ ಕಂಡ ಪ್ರತಿ ಮಗುವಿಗೂ ಒಂದು ಕಾರ್ಡು. ಕಾರ್ಡಿನ ಮೇಲೆ ಬಲಗಡೆ ಪೆನ್ಸಿಲ್‌ನಲ್ಲಿ ಮುಂದಿನ ತಾರೀಕು. ಈ ತಿಂಗಳದ್ದಾದರೆ ಆ ತಾರೀಕಿನ ಮನೆಗೆ, ಮುಂದಿನದ್ದಾದರೆ ಆ ತಿಂಗಳ ಲಕೋಟೆಗೆ. ಬೆಳಗ್ಗೆ ಜೀಪ್ ಹತ್ತುವ ಮುಂಚೆ ಇವತ್ತಿನ ಮನೆಯ ಕಾರ್ಡು ತೆಗೆದು ಫೋನ್ ಮಾಡುತ್ತೇನೆ. ಆದ ಕೆಲಸ ಬರೆದು, ಹಳೆಯ ತಾರೀಕು ಅಳಿಸಿ, ಹೊಸದು ಹಾಕಿ, ಮುಂದಿನ ಮನೆಗೆ ಸರಿಸುತ್ತೇನೆ.

ಇದರಲ್ಲಿ ಒಂದೇ ಕಟ್ಟುನಿಟ್ಟು. ಮುಂದಿನ ತಾರೀಕು ಇಲ್ಲದ ಕಾರ್ಡು ಇರಬಾರದು. 'ಗಂಡನ ಮನೆಗೆ ಹೋಗಿರುತ್ತಾರೆ' ಎಂದು ಬರೆದು ಕಾರ್ಡು ಮುಚ್ಚುವ ಹಾಗಿಲ್ಲ. ಆ ಊರಿನ ಆಶಾಗೆ ಫೋನ್ ಮಾಡಿ, ಅವರು "ಹೂಂ ಅಕ್ಕಾ, ನಮ್ಮ ಲಿಸ್ಟಿಗೆ ಸೇರಿಸಿಕೊಂಡೆ" ಅಂದ ದಿನ, ಯಾರು ಅಂದರು ಎಂದು ಬರೆದ ಮೇಲೆಯೇ ಕಾರ್ಡು ನಿಮ್ಮ ಡಬ್ಬದಿಂದ ಆಚೆ ಬರಬೇಕು.

ಫೋನಿಗೆ ಸಿಗದವರನ್ನು ಲಸಿಕೆ ದಿನ ಹಿಡಿಯಿರಿ. ನಮ್ಮ ಕಡೆ ಗುರುವಾರ. ಥೆರಪಿಗೆ ಬರದ ತಾಯಿಯೂ ಇಂಜೆಕ್ಷನ್ನಿಗೆ ಬಂದೇ ಬರುತ್ತಾರೆ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳು, ಆಮೇಲೆ ಒಂಬತ್ತು ತಿಂಗಳು. ಈ ದಿನಗಳನ್ನು ಕಾರ್ಡಿನಲ್ಲಿ ಮೊದಲೇ ಬರೆದಿಟ್ಟರೆ ಸುಮ್ನೆ ಮನೆ ಹುಡುಕಿ ಅಲೆಯುವುದು ತಪ್ಪುತ್ತದೆ. ಆಶಾ ಅಕ್ಕಂದಿರ ಮನೆ ಭೇಟಿಯೂ ಇದಕ್ಕೇ ಆಗಿಬರುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ ಅವರು 3, 7, 14, 21, 28, 42ನೇ ದಿನ ಹೋಗುತ್ತಾರೆ. ಆಮೇಲೆ 3, 6, 9, 12, 15 ತಿಂಗಳಿಗೆ.

ಬಾರದ ಮಕ್ಕಳ ಪಟ್ಟಿ

ಅಂಗನವಾಡಿಯಲ್ಲಿ ದಾಖಲಾತಿ 34, ಬಂದವರು 27. ಇಪ್ಪತ್ತೇಳನ್ನೂ ನೋಡಿ, ಸಹಿ ಹಾಕಿ, ಜೀಪ್ ಹತ್ತಿದರೆ ಆ ದಿನದ ಕೆಲಸ ಮುಗಿಯಿತೇ? ನಡೆಯಲಾಗದ ಮಗುವನ್ನು, ಮಾತು ಬಾರದ ಮಗುವನ್ನು, ಫಿಟ್ಸ್ ಬರುವ ಮಗುವನ್ನು ಎಷ್ಟೋ ಮನೆಗಳಲ್ಲಿ ಅಂಗನವಾಡಿಗೆ ಕಳಿಸುವುದೇ ಇಲ್ಲ. ನಾವು ಯಾರನ್ನು ಹುಡುಕಿಕೊಂಡು ಹೋಗಿದ್ದೆವೋ ಅವರು ಆ ಏಳರಲ್ಲೇ ಇರುವ ಸಾಧ್ಯತೆ ಜಾಸ್ತಿ. ಮೊದಲು ಹೇಳಿದ ಆ ಹುಡುಗನೂ ಹಾಗೇ. ಅವನ ಊರಿನ ಅಂಗನವಾಡಿಗೆ ಹಿಂದೆ ಹೋದ ಎರಡೂ ಸಲ ನಾವು ಅವನನ್ನು 'ಗೈರು' ಅಂತ ಬರೆದು ಬಂದಿದ್ದೆವು. ಅದು ನನ್ನದೇ ಕೈಬರಹ.

ಈಗ ಗೈರಾದವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆಯುತ್ತೇನೆ. ಅಂಗನವಾಡಿ ಟೀಚರ್‌ನ ಪಟ್ಟಿಯನ್ನೂ ಆಶಾ ಅಕ್ಕನ ಸರ್ವೆ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರಿಗೆ ಸುತ್ತು ಹಾಕುತ್ತೇನೆ. ಊರು ಬಿಡುವ ಮುಂಚೆ ಅವರಲ್ಲಿ ಇಬ್ಬರ ಮನೆಗಾದರೂ ಹೋಗಿ ಬರುತ್ತೇವೆ. ಉಳಿದವರಿಗೆ ಆಶಾ ಅಕ್ಕನ ಹತ್ತಿರ ತಾರೀಕು ತೆಗೆದುಕೊಳ್ಳುತ್ತೇನೆ.

ಕಂಪ್ಯೂಟರಿಗೆ ಹಾಕುವಾಗ

ಸರ್ಕಾರದ ಪೋರ್ಟಲ್‌ಗಳು ಅವುಗಳ ಪಾಡಿಗೆ ಇವೆ. ತಾಯಿ ಮಗುವಿಗೆ ಆರ್‌ಸಿಎಚ್, ಅಂಗನವಾಡಿಗೆ 2021ರಿಂದ ಪೋಷಣ್ ಟ್ರ್ಯಾಕರ್. ನಾನು ಹೇಳುವುದು ನಮ್ಮ ಸ್ವಂತ ಎಕ್ಸೆಲ್ ಹಾಳೆಯ ವಿಷಯ. ತಾರೀಕನ್ನು 05/06 ಅಂತ ಹಾಕಬೇಡಿ. ಕೆಲವು ಕಂಪ್ಯೂಟರ್ ಅದನ್ನು ಮೇ 6 ಎಂದುಕೊಳ್ಳುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಕಾಣುವಂತೆ ಇಟ್ಟುಕೊಳ್ಳಿ. ಕನ್ನಡದಲ್ಲಿ ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರ ಆಗುತ್ತದೆ, ಹುಡುಕಿದರೂ ಸಿಗುವುದಿಲ್ಲ. ಲಕ್ಷ್ಮಿ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆಯುತ್ತಾರೆ. ತಾಯಿ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಇರಲಿ, ತಿದ್ದಬೇಡಿ.

ಸಾರ್ಟ್ ಮಾಡುವಾಗ ಇಡೀ ಹಾಳೆಯನ್ನು ಆರಿಸಿಕೊಳ್ಳಿ. ನಾನು ಒಂದು ಸಲ ಹೆಸರಿನ ಕಾಲಂ ಒಂದನ್ನೇ ಸಾರ್ಟ್ ಮಾಡಿ ಸೇವ್ ಮಾಡಿಬಿಟ್ಟೆ. ಹೆಸರುಗಳೆಲ್ಲ ಸರಿದವು, ಫೋನ್ ನಂಬರ್ ಅಲ್ಲೇ ಉಳಿದವು. ಯಾರಿಗೋ ಮಾಡಿದ ಫೋನ್ ಇನ್ಯಾರಿಗೋ ಹೋಗಿ, ನಿಮ್ಮ ಮಗುವಿಗೆ ಹೃದಯದ ಪರೀಕ್ಷೆ ಇದೆ ಅಂತ ಚೆನ್ನಾಗಿರುವ ಮಗುವಿನ ತಾಯಿಗೆ ಹೇಳಿದ್ದೆ. ಆಕೆ ಅತ್ತದ್ದು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಸಾರ್ಟ್ ಮಾಡುವ ಮುಂಚೆ ಆ ದಿನದ ತಾರೀಕಿನ ಹೆಸರಿನಲ್ಲಿ ಒಂದು ಕಾಪಿ ತೆಗೆದಿಡುತ್ತೇನೆ. ಫೋನ್ ಮಾಡಿದಾಗಲೂ ಮೊದಲು ತಾಯಿಯ ಹೆಸರು, ಮಗು ಹುಟ್ಟಿದ ದಿನ ಕೇಳಿ ಖಚಿತ ಮಾಡಿಕೊಂಡೇ ಮಾತು ಶುರು.

ತಿಂಗಳಿಗೊಮ್ಮೆ ಕಣ್ಣು ಮುಚ್ಚಿ ಐದು ಕಾರ್ಡು ತೆಗೆಯಿರಿ. ಹಾಳೆಯಲ್ಲಿ ಇರುವುದು, ಕಾರ್ಡಿನಲ್ಲಿ ಇರುವುದು, ಫೋನಿನಲ್ಲಿ ತಾಯಿ ಹೇಳುವುದು ಮೂರೂ ಒಂದೇನಾ ನೋಡಿ. ಹುಟ್ಟಿದ ತಾರೀಕಿನ ಪ್ರಕಾರ ಜೋಡಿಸಿ ನೋಡಿದರೆ ಎರಡು ಸಲ ಸೇರಿದ ಮಗುವೂ ಪಕ್ಕಪಕ್ಕ ಬಂದು ಕಾಣುತ್ತದೆ.

ಯಾರಿಗೆ ಹೇಳಬಹುದು, ಯಾರಿಗೆ ಬಾರದು

ಮಕ್ಕಳ ಹೆಸರು, ತೊಂದರೆ, ಫೋಟೋ ಇರುವ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಗುಂಪಿನಲ್ಲಿ ಅರವತ್ತು ಜನ ಇರುತ್ತಾರೆ, ಅರ್ಧ ಜನ ಅಕ್ಕಪಕ್ಕದ ಊರಿನವರು. ನಾದಿನಿಯ ಮದುವೆಗೆ ಹೆದರಿ ಮಗುವನ್ನು ಬಚ್ಚಿಟ್ಟ ಅತ್ತೆಯ ಭಯ ಅಲ್ಲಿ ನಿಜವಾಗಿಬಿಡುತ್ತದೆ. ಯಾರಿಗೆ ಬೇಕೋ ಅವರೊಬ್ಬರಿಗೇ, ಕಾರ್ಡಿನ ನಂಬರ್ ಮಾತ್ರ ಕಳಿಸಿ. ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಕಾಯ್ದೆಯ ಮಾತು ಹಾಗಿರಲಿ, ಮನೆಯವರ ಹತ್ತಿರ ಕೂತಾಗ ನಾನು ಹೇಳುವುದು ಇಷ್ಟು: "ಇದನ್ನ ನಾನು ಬರ್ಕೊತೀನಿ, ಡಾಕ್ಟ್ರು ನೋಡ್ತಾರೆ, ಮೈಸೂರಲ್ಲಿ ನೋಡೋರು ನೋಡ್ತಾರೆ, ಊರಲ್ಲಿ ಯಾರಿಗೂ ಹೇಳಲ್ಲ ಕಣಮ್ಮ." ಹೇಳಿದ ಮೇಲೆ ಹಾಗೇ ನಡೆದುಕೊಳ್ಳಬೇಕು. ರಿಜಿಸ್ಟರನ್ನು ಅಂಗನವಾಡಿ ಮೇಜಿನ ಮೇಲೆ ತೆರೆದಿಟ್ಟು ಟೀ ಕುಡಿಯಲು ಹೋಗಬಾರದು.

ವರ್ಗವಾದಾಗ

ಈ ಡಬ್ಬವನ್ನು ಒಂದು ದಿನ ಬೇರೆಯವರ ಕೈಗೆ ಕೊಡಬೇಕು. ಆಗ ರಿಜಿಸ್ಟರ್ ಕೊಟ್ಟು ಸಹಿ ತೆಗೆದುಕೊಂಡರೆ ಸಾಲದು. ಹೊಸಬರ ಜೊತೆ ಒಂದು ಮಧ್ಯಾಹ್ನ ಕೂತು, ಮುಂದಿನ ಎರಡು ತಿಂಗಳ ಕಾರ್ಡುಗಳನ್ನು ಒಂದೊಂದಾಗಿ ಓದಿ ಹೇಳಿ. ಮೂರು ವರ್ಷ ತುಂಬುವ ಮಕ್ಕಳು ಯಾರು, ಆರು ತುಂಬಿ ಶಾಲೆಗೆ ಹೋಗುವವರು ಯಾರು, ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವವರು ಯಾರು. ಯಾವ ಮನೆಗೆ ಸಂಜೆ ಹೋದರೆ ಅಪ್ಪ ಸಿಗುತ್ತಾರೆ, ಯಾವ ಮನೆಯಲ್ಲಿ ಅಜ್ಜಿಯ ಹತ್ತಿರ ಮೊದಲು ಮಾತಾಡಬೇಕು, ಇದನ್ನೂ ಹೇಳಿ. ಕಷ್ಟದ ಮನೆಗಳಿಗೆ ಒಂದು ಸಲ ಜೊತೆಯಲ್ಲೇ ಹೋಗಿ, "ಇನ್ ಮೇಲೆ ಇವ್ರು ಬರ್ತಾರೆ ಕಣಮ್ಮ" ಅಂತ ಪರಿಚಯ ಮಾಡಿಸಿ. ಪೆನ್ಸಿಲ್ ಮತ್ತು ರಬ್ಬರನ್ನು ಡಬ್ಬದಲ್ಲೇ ಬಿಟ್ಟು ಬನ್ನಿ.